ಐರನ್ ಮಾತ್ರೆ ತಿಂದ್ರೂ ರಕ್ತ ಏರ್ತಿಲ್ಲ, ಹೊಟ್ಟೆ ಉರಿ ಬೇರೆ. ಏನ್ಮಾಡ್ಲಿ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ದು ಮೂಡಿಗೆರೆ ಹತ್ರ ಹಳ್ಳಿ, ವಯಸ್ಸು 41. ಸುಸ್ತು, ತೋಟದ ದಿಬ್ಬ ಹತ್ತಿದ್ರೆ ಏದುಸಿರು ಬರುತ್ತೆ ಅಂತ ಟೆಸ್ಟ್ ಮಾಡ್ಸಿದ್ರೆ ಹೆಚ್‌ಬಿ (ಹಿಮೋಗ್ಲೋಬಿನ್) 8.9 ಬಂತು. 100 ಮಿಲಿಗ್ರಾಂ ಐರನ್ ಮಾತ್ರೆ ಬೆಳಿಗ್ಗೆ ಒಂದು ರಾತ್ರಿ ಒಂದು ಬರೆದ್ರು. ಎರಡು ತಿಂಗಳು ತಿಂದೆ. ಹೊಟ್ಟೆ ಉರಿ, ಮಲಬದ್ಧತೆ, ಮಲ ಇದ್ದಿಲಿನ ಹಾಗೆ ಕಪ್ಪು. ಇಷ್ಟೆಲ್ಲಾ ಅನುಭವಿಸಿ ಮತ್ತೆ ಟೆಸ್ಟ್ ಮಾಡ್ಸಿದ್ರೆ 9.1 ಅಷ್ಟೇ. ಐದು ವರ್ಷದಿಂದ ಥೈರಾಯ್ಡ್ ಮಾತ್ರೆ 50 ಕೂಡ ಇದೆ. ಮರೆತು ಹೋಗ್ಬಾರ್ದು ಅಂತ ಬೆಳಿಗ್ಗೆ ಎರಡನ್ನೂ ಒಟ್ಟಿಗೇ ನುಂಗಿ ಕಾಫಿ ಕುಡಿದುಬಿಡ್ತೀನಿ. ಮುಟ್ಟು ಎರಡು ವರ್ಷದಿಂದ ಏಳೆಂಟು ದಿನ ಇರುತ್ತೆ, ಗಂಟು ಗಂಟಾಗಿ ಹೋಗುತ್ತೆ. ನಮ್ಮತ್ತೆ ಆ ಮಾತ್ರೆ ಉಷ್ಣ, ಬಿಟ್ಟು ಬೀಟ್‌ರೂಟು ದಾಳಿಂಬೆ ತಿನ್ನು ಅಂತಾರೆ. ನಮ್ಮೆಜಮಾನ್ರೂ ಸುಸ್ತು ಅಂತ ನನ್ನ ಮಾತ್ರೇನೇ ತಗೋತಿದಾರೆ. ಒಂಬತ್ತು ವರ್ಷದ ಮಗಳು ಬಿಳಿಚಿಕೊಂಡ ಹಾಗೆ ಕಾಣ್ತಾಳೆ, ಅವಳಿಗೂ ಅರ್ಧ ಮಾತ್ರೆ ಕೊಡ್ಬೋದಾ?

ಉತ್ತರ: ಮೊದ್ಲು ಮಗಳ ವಿಷಯ ಹೇಳ್ಬಿಡ್ತೀನಿ, ನಿಮ್ಮ ಹೊಟ್ಟೆ ಉರಿ ಇನ್ನೊಂದು ಹತ್ತು ನಿಮಿಷ ಕಾಯುತ್ತೆ. ಅರ್ಧ ಮಾತ್ರೆ ಕೊಡ್ಬೇಡಿ, ಕಾಲು ಮಾತ್ರೆನೂ ಬೇಡ. ಮಕ್ಕಳಿಗೆ ಐರನ್ ಕೊಡೋದು ತೂಕದ ಲೆಕ್ಕದಲ್ಲಿ, ಟೆಸ್ಟಲ್ಲಿ ರಕ್ತ ಕಮ್ಮಿ ಅಂತ ಗೊತ್ತಾದ್ಮೇಲೆ ಸಾಮಾನ್ಯವಾಗಿ ದಿನಕ್ಕೆ ಕೆಜಿಗೆ 3 ಮಿಲಿಗ್ರಾಂ ಸುತ್ತಮುತ್ತ ಬರೀತೀವಿ, ಅದೂ ಎಷ್ಟು ದಿನ ಅಂತ ಹೇಳಿ. ಬಿಳಿಚಿಕೊಂಡ ಹಾಗೆ ಕಾಣೋ ಎಷ್ಟೋ ಮಕ್ಕಳ ರಕ್ತ ಸರಿಯಾಗೇ ಇರುತ್ತೆ, ಮಳೆಗಾಲದಲ್ಲಿ ನಮ್ಮ ಕಡೆ ಬಿಸಿಲೇ ಕಾಣದೆ ಎಲ್ಲರೂ ಬಿಳಿಚಿಕೊಂಡೇ ಇರ್ತಾರೆ ಬಿಡಿ. ಅನುಮಾನ ಇದ್ರೆ ಒಂದು ಸಿಬಿಸಿ, ಅಂದ್ರೆ ರಕ್ತಕಣ ಎಣಿಸೋ ಟೆಸ್ಟ್ ಮಾಡ್ಸಿ, ಅವಳ ವಯಸ್ಸಿಗೆ ಹೆಚ್‌ಬಿ 11.5ಕ್ಕಿಂತ ಕೆಳಗಿದ್ರೆ ಆಗ ಮಾತಾಡೋಣ. ಶಾಲೇಲಿ ವಾರಕ್ಕೊಂದು ಪಿಂಕ್ ಮಾತ್ರೆ ಕೊಡ್ತಾರಲ್ಲ, ಅದು 5ರಿಂದ 9 ವರ್ಷದವರಿಗೆ ಅಂತಲೇ ಅಳತೆ ಮಾಡಿರೋದು, ಅದರಲ್ಲಿ 45 ಮಿಲಿಗ್ರಾಂ ಐರನ್ ಇರುತ್ತೆ ಜೊತೆಗೆ ಫೋಲಿಕ್ ಆಸಿಡ್, ಅದನ್ನ ಊಟ ಆದ್ಮೇಲೆ ತಿನ್ಲಿ. ಹತ್ತು ತುಂಬಿದ್ಮೇಲೆ ನೀಲಿ ಮಾತ್ರೆ ಬರುತ್ತೆ, ಅದು 60. ವರ್ಷಕ್ಕೆ ಎರಡು ಸಲ ಜಂತುಹುಳದ ಮಾತ್ರೆ ಕೊಡೋದನ್ನೂ ತಪ್ಪಿಸ್ಬೇಡಿ, ಬರಿಗಾಲಲ್ಲಿ ತೋಟ ಸುತ್ತೋ ಮಕ್ಕಳಿಗೆ ಅದು ಐರನ್ನಿನಷ್ಟೇ ಮುಖ್ಯ. ಕೊಕ್ಕೆ ಹುಳ ಅಂಗಾಲಿನ ಚರ್ಮದಿಂದಲೇ ಒಳಗೆ ಹೋಗಿ ಕರುಳಿಗೆ ಕಚ್ಕೊಂಡು ರಕ್ತ ಹೀರುತ್ತೆ. ನಮ್ಮ ಜನ ಕಾಲಿಗೆ ಹತ್ತಿದ ಉಂಬಳ ನೋಡಿ ಅಷ್ಟು ಹೆದರ್ತಾರೆ, ಅದು ಒಂದ್ಸಲ ಕುಡಿದು ಉದುರಿ ಹೋಗುತ್ತೆ, ಒಳಗಿರೋದು ವರ್ಷಗಟ್ಟಲೆ ಕುಡಿಯುತ್ತೆ.

ಮಕ್ಕಳ ವಿಷಯದಲ್ಲಿ ಇಷ್ಟು ಖಡಾಖಂಡಿತವಾಗಿ ಹೇಳೋಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ, ಜೋರು ಮಳೆ, ಒಂದು ತೋಟದ ಲೈನ್ ಮನೆಯಿಂದ ಎರಡೂವರೆ ವರ್ಷದ ಮಗೂನ ಜೀಪಲ್ಲಿ ಕರ್ಕೊಂಡು ಬಂದ್ರು. ಮನೇಲಿ ಚಿಕ್ಕಮ್ಮ ಬಾಣಂತಿ, ಅವಳ ಕೆಂಪು ಮಾತ್ರೆಗಳು ಗೋಡೆ ಗೂಡಲ್ಲಿ ದೀಪದ ಪಕ್ಕ ಇದ್ವು, ಕೆಂಪಗೆ, ಮೇಲೆ ಸಿಹಿ ಲೇಪ, ಮಗು ಜೆಮ್ಸ್ ಅಂದ್ಕೊಂಡು ತಿಂದುಬಿಟ್ಟಿದೆ. ಅಂಗಿ ಮುಂದೆಲ್ಲಾ ಕಂದು ಬಣ್ಣದ ವಾಂತಿ. ಅಜ್ಜಿ ಕೈಯಲ್ಲಿ ಖಾಲಿ ಸ್ಟ್ರಿಪ್ ಮುದುರಿ ಹಿಡ್ಕೊಂಡಿದ್ರು, ಅದನ್ನ ಬಿಡಿಸಿ ಎಷ್ಟು ಗುಳಿ ಖಾಲಿ ಅಂತ ಎಣಿಸಿದ್ವಿ, ಆ ಅಜ್ಜಿ ಸ್ಟ್ರಿಪ್ ತಂದಿದ್ದೇ ದೊಡ್ಡ ಉಪಕಾರ ಆಯ್ತು. ನಮ್ಮಲ್ಲಿಗೆ ಬರೋ ಹೊತ್ತಿಗೆ ವಾಂತಿ ನಿಂತಿತ್ತು, ಮಗು ನನ್ನ ಸ್ಟೆತಾಸ್ಕೋಪ್ ಎಳೀತಿತ್ತು, ಅವರಪ್ಪ ಸರಿ ಹೋಯ್ತಲ್ಲ ಮೇಡಂ ಮನೆಗೆ ಹೋಗ್ತೀವಿ ಅಂದ್ರು. ನಾನು ಬಿಡಲಿಲ್ಲ. ಐರನ್ ವಿಷದ ಮೋಸ ಇರೋದೇ ಅಲ್ಲಿ, ಮೊದಲ ಆರು ಗಂಟೆ ವಾಂತಿ ಭೇದಿ, ಆಮೇಲೆ ಹತ್ತಿಪ್ಪತ್ತು ಗಂಟೆ ಮಗು ಚೆನ್ನಾಗಾದ ಹಾಗೆ ಕಾಣುತ್ತೆ, ಅದಾದ್ಮೇಲೆ ಒಂದೇ ಸಲ ಬಿಪಿ ಬಿದ್ದು, ಲಿವರ್ ಕೆಟ್ಟು ಹೋಗೋದು. ಡ್ರಿಪ್ ಹಾಕಿ ದೊಡ್ಡಾಸ್ಪತ್ರೆಗೆ ಕಳಿಸಿದ್ವಿ, ದೇವರು ದೊಡ್ಡೋನು, ಉಳ್ಕೊಂತು.

ಲೆಕ್ಕ ಗೊತ್ತಿರ್ಲಿ ಅಂತ ಹೇಳ್ತೀನಿ. ಕೆಜಿ ತೂಕಕ್ಕೆ 20 ಮಿಲಿಗ್ರಾಂ ದಾಟಿದ್ರೆ ತೊಂದರೆ ಶುರು, 60 ದಾಟಿದ್ರೆ ಜೀವಕ್ಕೇ ಅಪಾಯ. 12 ಕೆಜಿ ಮಗು ನಿಮ್ಮ 100ರ ಮಾತ್ರೆ ಮೂರು ನುಂಗಿದ್ರೆ ಆಸ್ಪತ್ರೆಗೆ ಓಡ್ಬೇಕು, ಏಳೆಂಟು ನುಂಗಿದ್ರೆ ಏನು ಅಂತ ನೀವೇ ಲೆಕ್ಕ ಹಾಕಿ, ನಿಮ್ಮ ಒಂದು ಸ್ಟ್ರಿಪ್ಪಲ್ಲಿ ಹತ್ತಿರುತ್ತೆ. ಹಾಗೇನಾದ್ರೂ ಆದ್ರೆ ಉಪ್ಪು ನೀರು ಕುಡಿಸಿ ವಾಂತಿ ಮಾಡ್ಸೋದು, ಮಜ್ಜಿಗೆ ಕುಡಿಸಿ ನೋಡೋಣ ಅಂತ ಕೂರೋದು ಯಾವುದೂ ಬೇಡ, ಸ್ಟ್ರಿಪ್ ಕೈಯಲ್ಲಿ ಹಿಡ್ಕೊಂಡು ಸೀದಾ ಆಸ್ಪತ್ರೆ, ಗಾಡಿ ಇಲ್ಲ ಅಂದ್ರೆ 108. ಮಾತ್ರೆ ಇಡೋ ಜಾಗ ಅಡುಗೆಮನೆ ಕಿಟಕಿ ಅಲ್ಲ, ದೇವರ ಗೂಡೂ ಅಲ್ಲ, ಬೀಗ ಹಾಕೋ ಬೀರು.

ಸರಿ, ಈಗ ನಿಮ್ಮ ಬೆಳಿಗ್ಗೆ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೇಲಿ ನನ್ನ ಕಣ್ಣಿಗೆ ಬಿದ್ದಿದ್ದು 8.9ಊ ಅಲ್ಲ 9.1ಊ ಅಲ್ಲ, "ಮರೆತು ಹೋಗ್ಬಾರ್ದು ಅಂತ ಎರಡನ್ನೂ ಒಟ್ಟಿಗೇ ನುಂಗಿ ಕಾಫಿ" ಅನ್ನೋ ಒಂದು ಮಾತು. ನಿಮ್ಮ ಕಥೆ ಪೂರ್ತಿ ಅದರಲ್ಲೇ ಇದೆ. ಐರನ್ ಮಾತ್ರೆ, ಥೈರಾಯ್ಡ್ ಮಾತ್ರೆ, ಕಾಫಿ, ಮೂರೂ ಹೊಟ್ಟೇಲಿ ಒಂದೇ ಹೊತ್ತಿಗೆ ಸೇರಿದ್ರೆ ಮೂರಕ್ಕೂ ಜಗಳ. ಐರನ್ನು ಥೈರಾಕ್ಸಿನ್ನನ್ನ, ಅಂದ್ರೆ ಥೈರಾಯ್ಡ್ ಮಾತ್ರೇಲಿರೋ ಔಷಧೀನ, ಅಂಟಿಸ್ಕೊಂಡು ಹೀರೋಕೆ ಬಿಡಲ್ಲ. ಕಾಫೀನೂ ಥೈರಾಕ್ಸಿನ್ ಹೀರೋದನ್ನ ಕಮ್ಮಿ ಮಾಡುತ್ತೆ. ಅದೇ ಕಾಫಿ ಐರನ್ನನ್ನೂ ಹಿಡ್ಕೊಳ್ಳುತ್ತೆ. ಅಂದ್ರೆ ಎರಡು ತಿಂಗಳಿಂದ ನಿಮಗೆ ಐರನ್ನೂ ಸರಿಯಾಗಿ ಸೇರಿಲ್ಲ, ಥೈರಾಯ್ಡ್ ಮಾತ್ರೆನೂ ಸೇರಿಲ್ಲ. ಇದರಲ್ಲಿ ಇನ್ನೊಂದು ಕೊಂಡಿ ಇದೆ, ಅದನ್ನ ಜನ ಗಮನಿಸೋದೇ ಇಲ್ಲ. ಥೈರಾಯ್ಡ್ ಕಮ್ಮಿ ಆದ್ರೆ ಮುಟ್ಟಿನ ರಕ್ತಸ್ರಾವ ಜಾಸ್ತಿ ಆಗ್ಬೋದು. ಸ್ರಾವ ಜಾಸ್ತಿ ಆದ್ರೆ ಐರನ್ ಇನ್ನೂ ಕಮ್ಮಿ. ರಕ್ತ ಬರ್ಲಿ ಅಂತ ತಿಂದ ಮಾತ್ರೆನೇ ರಕ್ತ ಹೋಗೋಕೆ ದಾರಿ ಮಾಡಿಕೊಟ್ಟಿದ್ರೂ ಮಾಡಿಕೊಟ್ಟಿರ್ಬೋದು. ಅದಕ್ಕೇ ಹೆಚ್‌ಬಿ ಜೊತೆಗೆ ಟಿಎಸ್‌ಹೆಚ್ ಅನ್ನೋ ಥೈರಾಯ್ಡ್ ಟೆಸ್ಟ್ ಕೂಡ ಈಗ್ಲೇ ಒಂದ್ಸಲ ಮಾಡ್ಸಿ, ಐದು ವರ್ಷದಿಂದ 50ರಲ್ಲೇ ಇದೀರಿ, ಕೊನೇಲಿ ಯಾವಾಗ ನೋಡಿದ್ರಿ ಅಂತ ನೀವು ಬರೆದಿಲ್ಲ.

ಕಾಫಿ ಬಗ್ಗೆ ಚಿಕ್ಕಮಗಳೂರಲ್ಲಿ ಕೂತು ಕೆಟ್ಟದಾಗಿ ಮಾತಾಡೋ ಧೈರ್ಯ ನನಗಿಲ್ಲ, ನಾನೂ ದಿನಕ್ಕೆ ಮೂರು ಲೋಟ ಕುಡಿಯೋಳೇ. ಆದ್ರೆ ಅಂಕಿ ನೋಡಿ. 1983ರಲ್ಲಿ ಅಮೆರಿಕದಲ್ಲಿ ಒಂದು ಸ್ಟಡಿ ಆಯ್ತು, ಊಟದ ಜೊತೆ ಒಂದು ಕಪ್ ಕಾಫಿ ಕುಡಿದ್ರೆ ಆ ಊಟದಿಂದ ಸೇರೋ ಕಬ್ಬಿಣ 39 ಪರ್ಸೆಂಟ್ ಕಮ್ಮಿ ಆಯ್ತು, ಟೀ ಕುಡಿದ್ರೆ 64. ನನಗೆ ಇಷ್ಟ ಆಗಿದ್ದು ಅದರ ಇನ್ನೊಂದು ಭಾಗ. ಊಟಕ್ಕೆ ಒಂದು ಗಂಟೆ ಮುಂಚೆ ಕಾಫಿ ಕುಡಿದ್ರೆ ಏನೂ ಆಗ್ಲಿಲ್ಲ, ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿದ್ರೆ ಜೊತೇಲಿ ಕುಡಿದಷ್ಟೇ ನಷ್ಟ. ನಾವೆಲ್ಲಾ ಉಲ್ಟಾ ಅಂದ್ಕೊಂಡಿರ್ತೀವಿ, ತಿಂಡಿ ಆಗಿ ಸ್ವಲ್ಪ ಹೊತ್ತು ಬಿಟ್ಟು ಕುಡಿದ್ರೆ ಪರವಾಗಿಲ್ಲ ಅಂತ. ಅದು ಊಟದ ಕಬ್ಬಿಣದ ಲೆಕ್ಕ ಆಯ್ತು, ಮಾತ್ರೆ ಮೇಲೇ ನೇರವಾಗಿ ನೋಡಿದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನವರು, 2023ರಲ್ಲಿ ಬಂತು. ಕಬ್ಬಿಣ ಕಮ್ಮಿ ಇರೋ ಹೆಂಗಸರಿಗೆ 100 ಮಿಲಿಗ್ರಾಂ ಕೊಟ್ಟು ನೋಡಿದ್ರು. ಬೆಳಿಗ್ಗೆ ಬರೀ ನೀರಲ್ಲಿ ತಗೊಂಡಿದ್ದಕ್ಕೆ ಹೋಲಿಸಿದ್ರೆ ಕಾಫಿ ಜೊತೆ ತಗೊಂಡಾಗ ಸೇರಿದ್ದು 54 ಪರ್ಸೆಂಟ್ ಕಮ್ಮಿ, ಕಾಫಿ ಇರೋ ತಿಂಡಿ ಜೊತೆ ತಗೊಂಡ್ರೆ 66 ಪರ್ಸೆಂಟ್ ಕಮ್ಮಿ, ಆ ತಿಂಡೀಲಿ ವಿಟಮಿನ್ ಸಿ ಇದ್ರೂ ಕೂಡ. 80 ಮಿಲಿಗ್ರಾಂ ವಿಟಮಿನ್ ಸಿ ಜೊತೆ ತಗೊಂಡ್ರೆ 30 ಪರ್ಸೆಂಟ್ ಜಾಸ್ತಿ. 500 ಮಿಲಿಗ್ರಾಂ ವಿಟಮಿನ್ ಸಿ ಕೊಟ್ರೆ ಅದಕ್ಕಿಂತ ಜಾಸ್ತಿ ಏನೂ ಆಗ್ಲಿಲ್ಲ, ಅದಕ್ಕೆ ಮೆಡಿಕಲ್ ಶಾಪಲ್ಲಿ ದೊಡ್ಡ ವಿಟಮಿನ್ ಸಿ ಡಬ್ಬಿ ಕೊಟ್ರೆ ವಾಪಸ್ ಕೊಡಿ, ಅರ್ಧ ಸೀಬೆಹಣ್ಣು ಸಾಕು, ಇಲ್ಲಾ ನೆಲ್ಲಿಕಾಯಿ.

ಹಾಗಾದ್ರೆ ಯಾವಾಗ ನುಂಗೋದು? ಬೆಳಿಗ್ಗೆ ಆರಕ್ಕೆ ಎದ್ದ ತಕ್ಷಣ ಥೈರಾಯ್ಡ್ ಮಾತ್ರೆ, ಬರೀ ನೀರಲ್ಲಿ. ಒಂದು ಗಂಟೆ ಬಿಟ್ಟು ನಿಮ್ಮ ಬೆಲ್ಲದ ಕಾಫಿ ನೆಮ್ಮದಿಯಾಗಿ ಕುಡೀರಿ. ಎಂಟೂವರೆಗೆ ರೊಟ್ಟಿನೋ ಕಡುಬೋ ತಿಂಡಿ. ಹನ್ನೊಂದು ಗಂಟೆಗೆ ಐರನ್. ಥೈರಾಯ್ಡ್ ಮಾತ್ರೆಗೂ ಐರನ್ನಿಗೂ ನಡುವೆ ನಾಲ್ಕು ಗಂಟೆ ಇರ್ಲೇಬೇಕು, ಇಲ್ಲಿ ಐದು ಸಿಗುತ್ತೆ, ತಿಂಡಿ ಕರಗೋಕೆ ಎರಡೂವರೆ ಗಂಟೆನೂ ಸಿಗುತ್ತೆ. ಇದರಲ್ಲಿ ಒಂದೇ ತೊಡಕು ಅಂದ್ರೆ ಹನ್ನೊಂದು ಗಂಟೆ ಕಾಫಿ, ಆಳುಗಳಿಗೆ ಕೊಡುವಾಗ ನೀವೂ ಒಂದು ಲೋಟ ಹಿಡ್ಕೊಂಡಿರ್ತೀರಿ ಅಂತ ಗೊತ್ತು. ಮಾತ್ರೆ ದಿನ ಅದನ್ನ ಬಿಡ್ಬೇಕು, ಮಾತ್ರೆ ಆದ್ಮೇಲೆ ಎರಡು ಗಂಟೆ ಕಾಫಿ ಟೀ ಹಾಲು ಏನೂ ಬೇಡ. "ಮಾತ್ರೆ ದಿನ" ಅಂದೆ ನೋಡಿ, ಅದಕ್ಕೆ ಈಗ ಬರ್ತೀನಿ.

ದಿನಕ್ಕೆ ಎರಡು ಸಲ ಐರನ್ ಬರೆಯೋದು ಹಳೇ ಪದ್ಧತಿ, ನಾನೂ ಬರೆದಿದೀನಿ ವರ್ಷಗಟ್ಟಲೆ, ಜಾಸ್ತಿ ಕೊಟ್ರೆ ಬೇಗ ಏರುತ್ತೆ ಅನ್ನೋ ನಂಬಿಕೆ. ದೇಹ ಹಾಗೆ ಕೆಲಸ ಮಾಡಲ್ಲ. ಲಿವರ್ ಹೆಪ್ಸಿಡಿನ್ ಅಂತ ಒಂದು ಹಾರ್ಮೋನ್ ಬಿಡುತ್ತೆ, ಅದನ್ನ ತೋಟದ ಗೇಟ್ ಕಾಯೋನು ಅಂದ್ಕೊಳ್ಳಿ. ಒಂದು ಲೋಡ್ ಐರನ್ ಒಳಗೆ ಬಂದ ತಕ್ಷಣ ಇವತ್ತಿಗೆ ಸಾಕು ಅಂತ ಗೇಟ್ ಹಾಕ್ತಾನೆ, ಸುಮಾರು ಒಂದು ದಿನ ಹಾಗೇ ಹಾಕಿರ್ತಾನೆ. ಸಂಜೆ ನೀವು ಎರಡನೇ ಲೋಡ್ ತಂದ್ರೆ ಅದು ಗೇಟ್ ಹೊರಗೇ ನಿಂತಿರುತ್ತೆ, ಹೊರಗೆ ಅಂದ್ರೆ ನಿಮ್ಮ ಕರುಳಲ್ಲಿ. ಅಲ್ಲಿ ಅದು ಮಾಡೋದು ಮೂರೇ ಕೆಲಸ, ಉರಿ, ಮಲಬದ್ಧತೆ, ಕಪ್ಪು ಬಣ್ಣ. ಇದೇ ಜ್ಯೂರಿಕ್‌ನವರು 2017ರಲ್ಲಿ 60 ಮಿಲಿಗ್ರಾಂ ಮಾತ್ರೆ 14 ಎಣಿಸಿ ಕೊಟ್ರು, ಒಂದು ಗುಂಪಿಗೆ ದಿನಾ, ಇನ್ನೊಂದು ಗುಂಪಿಗೆ ದಿನ ಬಿಟ್ಟು ದಿನ. ಅದೇ 14 ಮಾತ್ರೆ, ದಿನಾ ತಿಂದೋರಿಗೆ ಒಟ್ಟು ಸೇರಿದ ಕಬ್ಬಿಣ ಸುಮಾರು 131 ಮಿಲಿಗ್ರಾಂ, ದಿನ ಬಿಟ್ಟು ತಿಂದೋರಿಗೆ 175. ಅದು ಓದಿದ್ಮೇಲೆ ನನ್ನ ಚೀಟಿ ಬದಲಾಯ್ತು.

ಅಂದ್ಮೇಲೆ ನಿಮ್ಮ ಡಾಕ್ಟ್ರಿಗೆ ಹೋಗಿ ಎರಡು ಸಲದ ಬದಲು ಒಂದೇ ಸಲ ಸಾಕಾ, ಉರಿ ಇರೋದ್ರಿಂದ ದಿನ ಬಿಟ್ಟು ದಿನ ಮಾಡ್ಬೋದಾ ಅಂತ ನೇರವಾಗಿ ಕೇಳಿ. ಕೇಳೋಕೆ ಸಂಕೋಚ ಬೇಡ. ನೀವೇ ನಿರ್ಧಾರ ಮಾಡಿ ಪೂರ್ತಿ ನಿಲ್ಲಿಸೋದಕ್ಕಿಂತ ಅದು ನೂರು ಪಾಲು ಮೇಲು. ದಿನ ಬಿಟ್ಟು ದಿನ ಅಂದ್ರೆ ಮಧ್ಯದ ದಿನ ಹನ್ನೊಂದು ಗಂಟೆ ಕಾಫಿನೂ ನಿಮಗೇ ಉಳೀತು. ಮರೆಯೋ ಭಯ ಇದ್ರೆ ಗೋಡೆ ಕ್ಯಾಲೆಂಡರಲ್ಲಿ ಬೆಸ ಸಂಖ್ಯೆ ತಾರೀಕಿಗೆ ಸುತ್ತು ಹಾಕಿ, ಹಾಲಿನ ಲೆಕ್ಕ ಬರೀತೀರಲ್ಲ ಅದರ ಪಕ್ಕದಲ್ಲೇ. ಇದು ಬಸುರಿಯರಿಗೆ ಅನ್ವಯ ಆಗಲ್ಲ ಅಂತ ಓದೋ ಬೇರೆಯವರಿಗೂ ಹೇಳ್ಬಿಡ್ತೀನಿ, ತಾಯಿ ಕಾರ್ಡ್ ಜೊತೆ ಕೊಡೋ ಕೆಂಪು ಮಾತ್ರೆ ನಾಲ್ಕನೇ ತಿಂಗಳಿಂದ ದಿನಾ ಒಂದರಂತೆ 180 ದಿನ, ಹೆರಿಗೆ ಆದ್ಮೇಲೆ ಮತ್ತೆ 180 ದಿನ, ಅದನ್ನ ನರ್ಸಮ್ಮ ಹೇಳಿದ ಹಾಗೇ ತಗೊಳ್ಳಿ. ಕ್ಯಾಲ್ಸಿಯಂ ಮಾತ್ರೆನೂ ಕೊಟ್ಟಿರ್ತಾರೆ, ಅದನ್ನ ಊಟದ ಜೊತೆ, ಐರನ್ನನ್ನ ಅದರಿಂದ ಎರಡು ಗಂಟೆ ದೂರ. ರಕ್ತದ ಮಾತ್ರೆ ತಿಂದ್ರೆ ಮಗು ಕಪ್ಪಗೆ ಹುಟ್ಟುತ್ತೆ ಅಂತ ಅದನ್ನ ಹಿತ್ತಿಲಿಗೆ ಎಸೆಯೋರನ್ನ ಇವತ್ತೂ ನೋಡ್ತೀನಿ. ಮಗೂನ ಬಣ್ಣಕ್ಕೂ ಇದಕ್ಕೂ ಸಂಬಂಧನೇ ಇಲ್ಲ.

ಮಾತ್ರೆ ಮೇಲೆ ಬರೆದಿರೋ ಅಂಕಿನೂ ಒಂದ್ಸಲ ಓದ್ಕೊಳ್ಳಿ, ಇಲ್ಲಿ ಬಹಳ ಜನ ಎಡವ್ತಾರೆ. ಫೆರಸ್ ಸಲ್ಫೇಟ್ 200 ಮಿಲಿಗ್ರಾಂ ಅಂತ ಇದ್ರೆ ಅದರಲ್ಲಿ ನಿಜವಾದ ಕಬ್ಬಿಣ 65ರಷ್ಟೇ. ಫೆರಸ್ ಫ್ಯೂಮರೇಟ್ 300 ಅಂದ್ರೆ ಸುಮಾರು 100. ಗ್ಲುಕೋನೇಟ್ 300 ಅಂದ್ರೆ 35 ಹತ್ರ. ನಮ್ಮ ಕಡೆ ಜಾಸ್ತಿ ಬರೆಯೋ ಫೆರಸ್ ಆಸ್ಕಾರ್ಬೇಟಿನ ಡಬ್ಬಿ ಮೇಲೆ ಸಾಮಾನ್ಯವಾಗಿ ನಿಜವಾದ ಕಬ್ಬಿಣದ್ದೇ ಅಂಕಿ ಇರುತ್ತೆ, 100 ಅಂದ್ರೆ 100. ಕಂಪನಿ ಬದಲಾದ್ರೆ ತೊಂದರೆ ಇಲ್ಲ, "ಎಲಿಮೆಂಟಲ್ ಐರನ್" ಎಷ್ಟು ಅಂತ ಅಂಗಡಿಯವರನ್ನ ಕೇಳಿ. ದುಬಾರಿ ಮಾತ್ರೆ ಜಾಸ್ತಿ ಕೆಲಸ ಮಾಡುತ್ತೆ ಅನ್ನೋದು ಸುಳ್ಳು. ನಿಧಾನಕ್ಕೆ ಬಿಡುಗಡೆ ಆಗೋ ಥರದವು ಹೊಟ್ಟೆಗೆ ಹಿತ ಅಂತ ಮಾರ್ತಾರೆ, ಹಿತ ನಿಜ, ಆದ್ರೆ ಐರನ್ ಜಾಸ್ತಿ ಸೇರೋದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಅದು ಕರಗೋ ಹೊತ್ತಿಗೆ ಆ ಸ್ಟೇಷನ್ ದಾಟಿ ಹೋಗಿರುತ್ತೆ.

ಉರಿ ತಡೆಯೋಕೇ ಆಗಲ್ಲ ಅಂದ್ರೆ ಎರಡು ತುತ್ತು ಏನಾದ್ರೂ ತಿಂದು ಮಾತ್ರೆ ತಗೊಳ್ಳಿ, ಸ್ವಲ್ಪ ಕಮ್ಮಿ ಸೇರುತ್ತೆ, ಸೇರ್ಲಿ ಬಿಡಿ, ಬಿಟ್ಟು ಕೂರೋದಕ್ಕಿಂತ ವಾಸಿ. ನುಂಗಿದ ತಕ್ಷಣ ಮಲಗ್ಬೇಡಿ, ರಾತ್ರಿ ಹಾಸಿಗೆಗೆ ಹೋಗುವಾಗ ನುಂಗಿ ಅರ್ಧ ಗುಟುಕು ನೀರು ಕುಡಿಯೋರಿಗೆ ಎದೆ ಉರಿ ಬರೋದು ಗ್ಯಾರಂಟಿ. ಉರಿ ಅಂತ ನೀವೇ ಗ್ಯಾಸ್ ಮಾತ್ರೆ ಶುರು ಮಾಡ್ಬೇಡಿ, ಹೊಟ್ಟೆ ಆಮ್ಲ ಕಮ್ಮಿ ಮಾಡೋ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದವು ಐರನ್ ಸೇರೋದನ್ನೂ ಕಮ್ಮಿ ಮಾಡ್ತವೆ, ನಮ್ಮೂರಲ್ಲಿ ಅರ್ಧ ಜನ ಅದನ್ನ ಪೆಪ್ಪರಮಿಂಟ್ ತಿಂದ ಹಾಗೆ ತಿಂತಾರೆ. ಯಾವುದಾದ್ರೂ ಜ್ವರಕ್ಕೆ ಡಾಕ್ಸಿಸೈಕ್ಲಿನ್ನೋ ಸಿಪ್ರೋಫ್ಲಾಕ್ಸಾಸಿನ್ನೋ ಕೊಟ್ರೆ ಐರನ್ ತಗೋತಿದೀನಿ ಅಂತ ಹೇಳಿ, ಜೊತೇಲಿ ನುಂಗಿದ್ರೆ ಆ ಆಂಟಿಬಯಾಟಿಕ್ ಕೆಲಸ ಮಾಡಲ್ಲ. ಮಲಬದ್ಧತೆಗೆ ನೀರು, ಸೊಪ್ಪು, ಬೇಕಾದ್ರೆ ರಾತ್ರಿ ಇಸಬಗೋಲ್. ಕಪ್ಪು ಮಲಕ್ಕೆ ಗಾಬರಿ ಬೇಡ, ಅದು ಸೇರದೆ ಉಳಿದ ಕಬ್ಬಿಣದ ಬಣ್ಣ. ಆದ್ರೆ ಒಂದು ವ್ಯತ್ಯಾಸ ಗೊತ್ತಿರ್ಲಿ. ಮಾತ್ರೆಯಿಂದ ಆಗೋ ಕಪ್ಪು ಗಟ್ಟಿಯಾಗಿ, ಸ್ವಲ್ಪ ಹಸಿರು ಮಿಶ್ರ ಇರುತ್ತೆ. ಡಾಂಬರಿನ ಹಾಗೆ ಅಂಟಂಟಾಗಿ, ಹೊಳಪಾಗಿ, ವಿಪರೀತ ಕೆಟ್ಟ ವಾಸನೆ, ಜೊತೆಗೆ ತಲೆ ಸುತ್ತು ಅಂದ್ರೆ ಅದು ಹೊಟ್ಟೆಯೊಳಗಿನ ರಕ್ತಸ್ರಾವ, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು.

ಅತ್ತೆಯವರ ಮಾತು. ಉಷ್ಣ ಅಂತ ಅವರು ಹೇಳೋದನ್ನ ನಗಾಡಿ ತಳ್ಳಿ ಹಾಕಲ್ಲ, ಹೊಟ್ಟೆ ಉರಿಯೋದನ್ನ ಕಂಡೇ ಹೇಳ್ತಿರೋದು. ಆದ್ರೆ ಬೀಟ್‌ರೂಟು ದಾಳಿಂಬೆ ಬಣ್ಣ ನೋಡಿ ಮೋಸ ಹೋಗೋದು. 100 ಗ್ರಾಂ ಬೀಟ್‌ರೂಟಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ, ದಾಳಿಂಬೇಲಿ ಅರ್ಧನೂ ಇಲ್ಲ. ಈಗ ನಿಮ್ಮ ಸಾಲ ಎಷ್ಟು ಅಂತ ನೋಡಿ. 55 ಕೆಜಿ ತೂಕ ಅಂತ ಹಿಡಿದ್ರೆ, 8.9ರಿಂದ 13ರ ಹತ್ರ ತಂದು ಖಾಲಿಯಾದ ಉಗ್ರಾಣಾನೂ ತುಂಬಿಸೋಕೆ ಸುಮಾರು 1000 ಮಿಲಿಗ್ರಾಂ ಕಬ್ಬಿಣ ದೇಹದೊಳಕ್ಕೆ ಹೋಗ್ಬೇಕು. ಊಟದಿಂದ ದಿನಕ್ಕೆ ಸೇರೋದು ಒಂದೆರಡು ಮಿಲಿಗ್ರಾಂ, ಅದು ದಿನದ ಖರ್ಚಿಗೇ ಸರಿ ಹೋಗುತ್ತೆ. ಸಾಲ ತೀರ್ಸೋದು ಮಾತ್ರೆ, ಮತ್ತೆ ಸಾಲ ಆಗದ ಹಾಗೆ ನೋಡ್ಕೊಳ್ಳೋದು ಊಟ. ಊಟದಲ್ಲಿ ಒಳ್ಳೇದು ಯಾವುದು ಅಂದ್ರೆ ಹುರುಳಿ ಕಟ್ಟಿನ ಸಾರು, ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ಮೇಲೆ ನಿಂಬೆಹಣ್ಣು ಹಿಂಡಿ, ತಿನ್ನೋರಾದ್ರೆ ಮಟನ್ನು ಲಿವರ್ರು, ಮಾಂಸದ ಕಬ್ಬಿಣ ಸಸ್ಯದ್ದಕ್ಕಿಂತ ಬಹಳ ಸಲೀಸಾಗಿ ಸೇರುತ್ತೆ. ನನ್ನ ತವರು ಚನ್ನರಾಯಪಟ್ಟಣ, ಮುದ್ದೆ ಬಿಟ್ರೆ ಊಟನೇ ಅಲ್ಲ ಅನ್ನೋ ಜನ ನಾವು. ರಾಗೀಲಿ ಕಬ್ಬಿಣ ಇದೆ ನಿಜ, ಆದ್ರೆ ಅದನ್ನ ಹಿಡ್ಕೊಳ್ಳೋ ಫೈಟೇಟು, ಒಗರೂ ಅದರಲ್ಲೇ ಇದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದ್ರೆ ಆ ಹಿಡಿತ ಸಡಿಲ ಆಗುತ್ತೆ, ನಮ್ಮಜ್ಜಿ ಮಕ್ಕಳಿಗೆ ಮೊಳಕೆ ರಾಗಿ ಸರಿ ಮಾಡ್ತಿದ್ದಿದ್ದು ಸುಮ್ನೆ ಅಲ್ಲ.

ಇನ್ನು ನಿಜವಾದ ದೊಡ್ಡ ವಿಷಯ, ನೀವು ಪ್ರಶ್ನೆ ನಡುವೆ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿದೀರಿ. ಎರಡು ವರ್ಷದಿಂದ ಏಳೆಂಟು ದಿನ ಮುಟ್ಟು, ಗಂಟು ಗಂಟಾಗಿ. ಒಂದು ಮಿಲಿ ರಕ್ತ ಹೋದ್ರೆ ಅದರ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತೆ. ತಿಂಗಳಿಗೆ 80 ಮಿಲಿಗಿಂತ ಜಾಸ್ತಿ ಹೋದ್ರೆ ಅದನ್ನ ಅತಿ ಸ್ರಾವ ಅಂತೀವಿ, ಅಂದ್ರೆ 40 ಮಿಲಿಗ್ರಾಂ ಕಬ್ಬಿಣ ತಿಂಗಳಿಗೆ ಹೊರಗೆ. ಅಳತೆ ಯಾರೂ ಮಾಡಲ್ಲ, ಸರಿ. ಎರಡು ಗಂಟೆಗೊಂದು ಪ್ಯಾಡ್ ಬದಲಾಯಿಸ್ಬೇಕಾಗುತ್ತಾ, ರಾತ್ರಿ ಎದ್ದು ಬದಲಾಯಿಸ್ಬೇಕಾಗುತ್ತಾ, ಮೊದಲೆರಡು ದಿನ ಮನೆಯಿಂದ ಹೊರಗೆ ಹೋಗೋಕೆ ಹಿಂದೆ ಮುಂದೆ ನೋಡ್ತೀರಾ, ಇವಕ್ಕೆ ಹೌದು ಅಂದ್ರೆ ಅತಿಯಾಗಿದೆ ಅಂತಲೇ ಲೆಕ್ಕ. ನಮ್ಮ ಹೆಂಗಸ್ರು ನಲವತ್ತು ದಾಟಿದ್ಮೇಲೆ ಹಾಗೇ, ನಿಲ್ಲೋ ಕಾಲ ಬಂತು ಅಂತ ಸಮಾಧಾನ ಮಾಡ್ಕೊಂಡು ಕೂತಿರ್ತಾರೆ, ಅದನ್ನ ಕೇಳಿ ಕೇಳಿ ನನಗೆ ಸಿಟ್ಟೇ ಬರುತ್ತೆ. ಗರ್ಭಕೋಶದಲ್ಲಿ ಗಡ್ಡೆ ಇರ್ಬೋದು, ಥೈರಾಯ್ಡ್ ಇರ್ಬೋದು, ಬೇರೇನಾದ್ರೂ ಇರ್ಬೋದು, ಹೊಟ್ಟೆ ಸ್ಕ್ಯಾನ್ ಮಾಡಿ ಸ್ತ್ರೀರೋಗ ತಜ್ಞರು ನೋಡ್ಲೇಬೇಕು. ಗಡ್ಡೆ ಅಂದ ತಕ್ಷಣ ಗರ್ಭಕೋಶ ತೆಗೀತಾರೆ ಅಂತ ಹೆದರಿ ಕೂರ್ಬೇಡಿ, ಸ್ರಾವ ಕಮ್ಮಿ ಮಾಡೋ ಮಾತ್ರೆ ಇದೆ, ಹಾರ್ಮೋನ್ ಇರೋ ಸಣ್ಣ ಸಾಧನ ಒಳಗೆ ಹಾಕೋ ವಿಧಾನ ಇದೆ, ಆಪರೇಷನ್ ಕೊನೇಗೆ. ಇದನ್ನ ನೋಡ್ದೆ ಎಷ್ಟು ಐರನ್ ತಿಂದ್ರೂ, ಕೆಳಗಡೆ ನಲ್ಲಿ ತೆರೆದಿಟ್ಟು ಮೇಲಿಂದ ಟ್ಯಾಂಕಿಗೆ ಮೋಟರ್ ಹಾಕಿದ ಹಾಗೆ.

ಯಜಮಾನ್ರಿಗೆ ಇವತ್ತೇ ಮಾತ್ರೆ ನಿಲ್ಲಿಸೋಕೆ ಹೇಳಿ. ಗಂಡಸರಿಗೆ ಮುಟ್ಟಿಲ್ಲ, ಬಸಿರಿಲ್ಲ, ಅವರಿಗೆ ಐರನ್ ಕಮ್ಮಿ ಆಗಿದ್ರೆ ಎಲ್ಲಿಂದಲೋ ರಕ್ತ ಹೋಗ್ತಿದೆ ಅಂತ ಮೊದಲ ಅನುಮಾನ. ಮೂಲವ್ಯಾಧಿ, ನೋವಿನ ಮಾತ್ರೆ ತಿಂದು ತಿಂದು ಆದ ಹೊಟ್ಟೆ ಹುಣ್ಣು, ಕೊಕ್ಕೆ ಹುಳ, ಕೆಲವೊಮ್ಮೆ ಕರುಳಿನ ಕ್ಯಾನ್ಸರ್. ಸುಮ್ನೆ ಐರನ್ ತಿಂದು ಹೆಚ್‌ಬಿ ಸ್ವಲ್ಪ ಏರಿಸ್ಕೊಂಡ್ರೆ ಆ ಕಾಯಿಲೆ ಮುಚ್ಚಿ ಹೋಗಿ ತಡವಾಗಿ ಸಿಗುತ್ತೆ. ರಕ್ತ ಸರಿಯಾಗೇ ಇದ್ದು ತಿಂತಿದ್ರೆ ಹೆಚ್ಚಾದ ಕಬ್ಬಿಣ ಹೊರಗೆ ಹಾಕೋ ದಾರಿ ದೇಹಕ್ಕಿಲ್ಲ, ಸಂಜೆ ಗ್ಲಾಸ್ ಹಿಡಿಯೋ ಅಭ್ಯಾಸ ಇರೋರಿಗಂತೂ ಲಿವರ್ ಮೇಲೆ ಇನ್ನೊಂದು ಹೊರೆ. ಸುಸ್ತು ಅಂದ್ರೆಲ್ಲಾ ರಕ್ತ ಕಮ್ಮಿ ಅಲ್ಲ, ಶುಗರ್ ಇದ್ಯಾ ನೋಡ್ಸಿ ಮೊದ್ಲು, ಗಂಡಸರಿಗೆ ಹೆಚ್‌ಬಿ 13ಕ್ಕಿಂತ ಕಮ್ಮಿ ಬಂದ್ರೆ ಮಾತ್ರ ಈ ಕಡೆ ಯೋಚನೆ.

ನಿಮ್ಮ ಟೆಸ್ಟ್ ಯಾವುದ್ಯಾವುದು ಅಂತ ಹೇಳಿ ಮುಗಿಸ್ತೀನಿ, ಕೈ ನೋಯ್ತಿದೆ ಟೈಪ್ ಮಾಡಿ. ಈಗ ಒಂದು ಸಿಬಿಸಿ, ಟಿಎಸ್‌ಹೆಚ್, ಫೆರಿಟಿನ್. ಫೆರಿಟಿನ್ ಅಂದ್ರೆ ಉಗ್ರಾಣದ ಲೆಕ್ಕ, 15ಕ್ಕಿಂತ ಕಮ್ಮಿ ಅಂದ್ರೆ ಪೂರ್ತಿ ಖಾಲಿ, 30ಕ್ಕಿಂತ ಕಮ್ಮಿ ಇದ್ರೂ ನಾವು ಕೊರತೆ ಅಂತಲೇ ನೋಡ್ತೀವಿ. ಜ್ವರ, ಸೋಂಕು ಇರುವಾಗ ಅದು ಸುಳ್ಳೇ ಜಾಸ್ತಿ ತೋರಿಸುತ್ತೆ, ಹಾಗಾಗಿ ಆರಾಮಾಗಿದ್ದಾಗ ಕೊಡಿ ರಕ್ತ. ಆಮೇಲೆ ಹೇಳಿದ ಟೈಮಲ್ಲಿ ಸರಿಯಾಗಿ ನಾಲ್ಕು ವಾರ ಮಾತ್ರೆ ತಿಂದು ಮತ್ತೆ ಸಿಬಿಸಿ. ಹೆಚ್‌ಬಿ ಕನಿಷ್ಠ 1 ಗ್ರಾಂ ಏರಿರ್ಬೇಕು. ಏರಿದ್ರೆ ದಾರಿ ಸರಿ ಇದೆ, ಹೆಚ್‌ಬಿ 12 ದಾಟಿದ್ಮೇಲೂ ಇನ್ನೂ ಮೂರು ತಿಂಗಳು ಬಿಡ್ಬೇಡಿ, ಹೆಚ್‌ಬಿ ಸರಿ ಹೋದಾಗ ಉಗ್ರಾಣ ಇನ್ನೂ ಖಾಲಿನೇ ಇರುತ್ತೆ, ಆರಾಮಾಯ್ತು ಅಂತ ಅಲ್ಲಿಗೇ ನಿಲ್ಲಿಸಿದೋರು ಆರು ತಿಂಗಳಿಗೆ ಮತ್ತೆ ಅದೇ ಏದುಸಿರು ತಗೊಂಡು ಬರ್ತಾರೆ. ಏರದೇ ಇದ್ರೆ ಡೋಸ್ ಜಾಸ್ತಿ ಮಾಡೋದಲ್ಲ, ಕಾರಣ ಹುಡುಕೋದು. ಸಿಬಿಸಿಲಿ ರಕ್ತಕಣ ಸಣ್ಣದಾಗಿದ್ದು ಎಣಿಕೆ ಮಾತ್ರ ಜಾಸ್ತಿ ಇದ್ರೆ ಥಲಸೇಮಿಯಾ ಗುಣ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶದ ದೋಷ) ಹುಟ್ಟಿನಿಂದಲೇ ಇರ್ಬೋದು, ಹೆಚ್‌ಪಿಎಲ್‌ಸಿ ಅಂತ ಒಂದು ಟೆಸ್ಟಲ್ಲಿ ಗೊತ್ತಾಗುತ್ತೆ, ಅಂಥೋರಿಗೆ ಫೆರಿಟಿನ್ ಸರಿ ಇದ್ರೆ ಐರನ್ ಬೇಡವೇ ಬೇಡ. ಬರೀ ಸಸ್ಯಾಹಾರಿಗಳಾದ್ರೆ ಬಿ12 ಕೂಡ ನೋಡ್ಬೇಕು.

ಮಾತ್ರೆ ಒಗ್ಗೋದೇ ಇಲ್ಲ, ಸ್ರಾವ ಅತಿ ಇದೆ ಅಂದ್ರೆ ನರದ ಮೂಲಕ ಕೊಡೋ ಐರನ್ ಇದೆ, ಆಸ್ಪತ್ರೇಲಿ, ಅಲರ್ಜಿ ಆದ್ರೆ ನೋಡ್ಕೊಳ್ಳೋ ಜನ ಇರೋ ಕಡೆ ಮಾತ್ರ. ಊರಲ್ಲಿ ಮನೆಗೆ ಬಂದು ಡ್ರಿಪ್ ಹಾಕ್ತೀನಿ ಅನ್ನೋರ ಹತ್ರ ಖಂಡಿತ ಹಾಕಿಸ್ಕೊಳ್ಬೇಡಿ. ಕೂತಲ್ಲೇ ಏದುಸಿರು ಬಂದ್ರೆ, ಎದೆ ನೋವು ಬಂದ್ರೆ, ಎದ್ದಾಗ ಕಣ್ಣು ಕತ್ತಲೆ ಬಂದು ಬಿದ್ರೆ, ಇಲ್ಲಾ ಹೆಚ್‌ಬಿ 7ರ ಕೆಳಗೆ ಹೋದ್ರೆ ಮಾತ್ರೆ ಗೀತ್ರೆ ಅಂತ ಕಾಯದೆ ಸೀದಾ ಅಡ್ಮಿಟ್ ಆಗಿ. ಟಿಎಸ್‌ಹೆಚ್ ಹೆಚ್ಚು ಬಂದ್ರೆ, ಅಂದ್ರೆ ಥೈರಾಯ್ಡ್ ಕಮ್ಮಿ ಅಂತ ತೋರಿಸಿದ್ರೆ, ಥೈರಾಯ್ಡ್ ಡೋಸ್ ತಕ್ಷಣ ಏರಿಸ್ಬೇಡಿ ಅಂತ ನಿಮ್ಮ ಡಾಕ್ಟ್ರಿಗೆ ಈ ಒಟ್ಟಿಗೆ ನುಂಗಿದ ಕಥೆ ಮೊದ್ಲು ಹೇಳಿ, ಬರೀ ಟೈಮ್ ಬದಲಾಯಿಸಿದ್ರೇ ಅದು ಇಳಿಯೋ ಸಾಧ್ಯತೆ ಇದೆ, ಆರರಿಂದ ಎಂಟು ವಾರ ಬಿಟ್ಟು ಮತ್ತೆ ನೋಡ್ಬೋದು. ಸ್ಕ್ಯಾನ್ ರಿಪೋರ್ಟು, ಹಳೇ ಎರಡು ಸಿಬಿಸಿ, ಹೊಸಾದು, ಎಲ್ಲಾ ಒಂದೇ ಫೈಲಲ್ಲಿ ಹಾಕ್ಕೊಂಡು ಹೋಗಿ, ಮಾತ್ರೆ ಸ್ಟ್ರಿಪ್ಪನ್ನೂ ಜೊತೇಲಿ ತಗೊಂಡು ಹೋಗಿ.